ಅತ್ತೆಗೆ ಎಸಿ ಹಾಕಿಸಿದರೆ ಭೂಮಿಗೆ ದ್ರೋಹವಾ?

ಓದುಗರ ಪ್ರಶ್ನೆ: ನಮ್ಮದು ದಾವಣಗೆರೆ. ಆರ್‌ಸಿಸಿ ಮನೆ, ಮೇಲಿನ ಮಹಡಿಯಲ್ಲಿದ್ದೇವೆ. ಅತ್ತೆಗೆ 78 ವರ್ಷ. ಬೇಸಿಗೆ ಬಂದರೆ ರಾತ್ರಿಯೆಲ್ಲಾ ನಿದ್ದೆ ಇಲ್ಲ, ಹೋದ ಏಪ್ರಿಲ್‌ನಲ್ಲಿ ತಲೆ ಸುತ್ತಿ ಬಿದ್ದು ಡ್ರಿಪ್ ಹಾಕಿಸಬೇಕಾಯಿತು. ಈ ಸಲ ಅವರ ರೂಮಿಗೆ ಒಂದು ಎಸಿ ಹಾಕಿಸೋಣ ಅಂದೆ. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗ "ಎಲ್ಲರೂ ಹಿಂಗೆ ಎಸಿ ಹಾಕಿಸ್ಕೊಂಡೇ ಭೂಮಿ ಈ ಸ್ಥಿತಿಗೆ ಬಂದಿರೋದು ಅಮ್ಮಾ" ಅಂತಾನೆ. ತಿಂಗಳಿಗೆ ಎರಡು ಸಲ ಕಾರಲ್ಲಿ ಬರ್ತಾನೆ, ಬಂದವನೇ ಮನೆಯಲ್ಲಿರೋ ಚಾರ್ಜರ್‌ಗಳನ್ನೆಲ್ಲ ಕಿತ್ತಿಡ್ತಾನೆ. ಚನ್ನಗಿರಿ ಕಡೆ ಅಡಿಕೆ ತೋಟ ಇರೋ ನಮ್ಮ ಬಾವ "ಹವಾಮಾನ ಬದಲಾವಣೆ ಅನ್ನೋದೇ ಫಾರಿನ್ನವರ ಕಟ್ಟುಕಥೆ, ಮಾರಿಕಣಿವೆ ಡ್ಯಾಮ್ ಕೋಡಿ ಬಿದ್ದಿದ್ದು ನೋಡಿಲ್ವಾ? ಒಂದಲ್ಲ, ಎರಡು ಎಸಿ ಹಾಕ್ಸು" ಅಂತಾರೆ. ನಮ್ಮ ಯಜಮಾನರದು ಇನ್ನೊಂದು: "ದುರ್ಗದ ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ತಿರುಗ್ತಾವೆ, ನಮಗೆ ಬರೋದು ಗಾಳಿ ಕರೆಂಟೇ." ಗೃಹಜ್ಯೋತಿಯಲ್ಲಿ ನಮಗೆ ತಿಂಗಳಿಗೆ 150 ಯೂನಿಟ್ ಉಚಿತ ಇದೆ, ಖರ್ಚಾಗೋದು 140 ಆಸುಪಾಸು, ಬಿಲ್ ಸೊನ್ನೆ. ಎಸಿ ಹಾಕಿಸೋದು ತಪ್ಪಾ ಸಾರ್? ಒಂದು ಮನೆಯವರು ಕರೆಂಟ್ ಉಳಿಸಿದರೆ ಏನಾದರೂ ಆಗುತ್ತಾ? ಇವರಲ್ಲಿ ಯಾರ ಮಾತು ಸರಿ?

ಉತ್ತರ:

ಹಾಕಿಸಿ ಮೇಡಂ. ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರು ಇದ್ದರೂ ತುರ್ತಾಗಿರುವುದು ಇದೊಂದೇ, ಅದಕ್ಕೇ ಮೊದಲು ಹೇಳಿಬಿಟ್ಟೆ. ವಯಸ್ಸಾದ ಮೈ ಬೆವರುವುದು ಕಡಿಮೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಹಗಲೆಲ್ಲಾ ಕಾದ ಮೈಗೆ ರಾತ್ರಿಯಾದರೂ ತಣಿಯಲು ಬಿಡುವು ಬೇಕು, ಅದು ಸಿಗದಿದ್ದರೆ ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಸೋಲುತ್ತದೆ. ನಮ್ಮಲ್ಲಿ ಏಪ್ರಿಲ್‌ನ ಬಿಸಿಲು 40ರ ಹತ್ತಿರ ಹೋದಾಗ ಫ್ಯಾನ್ ಬಿಸಿ ಗಾಳಿಯನ್ನೇ ತಂದು ಮುಖಕ್ಕೆ ಹೊಡೆಯುತ್ತದೆ. ಒಂದು ಸಲ ಬಿದ್ದಿದ್ದಾರೆ ಅಂದಮೇಲೆ ಇದು ಶೋಕಿಯ ಮಾತಲ್ಲ.

ಆದರೆ ಎಂಥ ಎಸಿ, ಯಾವ ಹೊತ್ತಲ್ಲಿ, ಹೇಗೆ ಅನ್ನುವುದರಲ್ಲಿ ಬಹಳ ವ್ಯತ್ಯಾಸ ಇದೆ. ಅಲ್ಲಿಗೆ ಬರುತ್ತೇನೆ.

ನನ್ನ ಕೆಲಸ ಎನರ್ಜಿ ಆಡಿಟ್. ರೈಸ್ ಮಿಲ್ಲು, ಎಣ್ಣೆ ಮಿಲ್ಲು, ಹಾಸ್ಟೆಲ್ಲು, ಕೋಲ್ಡ್ ಸ್ಟೋರೇಜ್ ಅಂತ ಹೋಗಿ, ಕರೆಂಟ್ ಎಲ್ಲಿ ಸೋರುತ್ತಿದೆ ಅಂತ ಮೀಟರ್ ಹಿಡಿದು ಹುಡುಕುವುದು. ಇದರಲ್ಲಿ ಮತ್ತೆ ಮತ್ತೆ ಕಂಡಿದ್ದು ಏನೆಂದರೆ, ಯಾರು ಏನು ನಂಬುತ್ತಾರೆ ಅನ್ನುವುದಕ್ಕೂ ಅವರ ಮೀಟರ್ ಎಷ್ಟು ಓಡುತ್ತದೆ ಅನ್ನುವುದಕ್ಕೂ ಸಂಬಂಧ ತೀರಾ ಕಡಿಮೆ. ಪರಿಸರದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರ ಮನೆ ಗೀಸರ್ ಮೂರು ಹೊತ್ತೂ ಆನ್ ಇರುತ್ತದೆ. ಇದೆಲ್ಲಾ ಬೊಗಳೆ ಅನ್ನುವ ಚಳ್ಳಕೆರೆಯ ಎಣ್ಣೆ ಮಿಲ್ ಸಾಹುಕಾರರು ಒಂದೊಂದು ಮೋಟರಿಗೂ ಲೆಕ್ಕ ಇಟ್ಟು ನಡೆಸುತ್ತಿರುತ್ತಾರೆ. ಹಾಗಾಗಿ ನಿಮ್ಮ ಮನೆಯ ಜಗಳವನ್ನೂ ಯೂನಿಟ್‌ನಲ್ಲೇ ಅಳೆಯೋಣ.

ಅತ್ತೆಯ ರೂಮು ಸಾಮಾನ್ಯ ಹತ್ತು-ಹನ್ನೊಂದು ಅಡಿಯದು ಅಂದುಕೊಳ್ಳುತ್ತೇನೆ. ಅದಕ್ಕೆ 1 ಟನ್ ಸಾಕು. ಐದು ಸ್ಟಾರ್‌ನ ಇನ್ವರ್ಟರ್ ಎಸಿ ಆದರೆ, ರೂಮು ಒಮ್ಮೆ ತಣ್ಣಗಾದ ಮೇಲೆ ಗಂಟೆಗೆ ಹೆಚ್ಚುಕಮ್ಮಿ ಅರ್ಧ ಯೂನಿಟ್. ದಿನಕ್ಕೆ 8 ಗಂಟೆ ಓಡಿಸಿದರೆ 4 ಯೂನಿಟ್, ತಿಂಗಳಿಗೆ 120. ಎರಡೂವರೆ ತಿಂಗಳ ಬೇಸಿಗೆಗೆ 300 ಯೂನಿಟ್ ಅನ್ನಿ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಲ್ಲಿಗೆ ಅತ್ತೆಯ ಇಡೀ ಬೇಸಿಗೆಯ ಎಸಿ ಲೆಕ್ಕ 210 ಕೆಜಿ.

ಈಗ ಮಗನ ಕಾರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಬರುತ್ತದೆ. ಬೆಂಗಳೂರಿಗೆ ಹೋಗಿ ಬರುವುದಕ್ಕೆ 520 ಕಿಲೋಮೀಟರ್, ಲೀಟರಿಗೆ 15 ಕೊಟ್ಟರೂ 35 ಲೀಟರ್ ಬೇಕು, ಅಂದರೆ 80 ಕೆಜಿ. ಅವನ ಮೂರು ಟ್ರಿಪ್ಪು ಅಜ್ಜಿಯ ಇಡೀ ಬೇಸಿಗೆಯನ್ನು ಮೀರುತ್ತದೆ. ತಿಂಗಳಿಗೆರಡರಂತೆ ವರ್ಷಕ್ಕೆ ಇಪ್ಪತ್ನಾಲ್ಕು ಸಲ ಬಂದರೆ ಸುಮಾರು 1,900 ಕೆಜಿ. ಒಬ್ಬ ಸರಾಸರಿ ಭಾರತೀಯನ ಹೆಸರಿಗೆ ಬೀಳುವುದು ವರ್ಷಕ್ಕೆ 2 ಟನ್ ಆಸುಪಾಸು, ಅಡುಗೆ, ಓಡಾಟ, ಕಾರ್ಖಾನೆ ಎಲ್ಲಾ ಸೇರಿ. ಇದನ್ನು ಹೇಳಿ ಅವನ ಬಾಯಿ ಮುಚ್ಚಿಸಿ ಅಂತ ಅಲ್ಲ, ಮಗ ಊರಿಗೆ ಬರುವುದು ನಿಲ್ಲಿಸಲಿ ಅಂತಲೂ ಅಲ್ಲ. ರೈಲಿದೆ, 2023ರಿಂದ ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತದೆ. ಕಾರೇ ಬೇಕು ಅಂದರೆ ಈ ಕಡೆಯ ಮೂವರು ಹುಡುಗರನ್ನು ಹತ್ತಿಸಿಕೊಂಡು ಬಂದರೆ ಲೆಕ್ಕ ನಾಲ್ಕು ಪಾಲಾಗುತ್ತದೆ.

ಇನ್ನು ಆ ಚಾರ್ಜರ್ ಕೀಳುವ ಕೆಲಸ. ಫೋನ್ ಇಲ್ಲದೆ ಸುಮ್ನೆ ಗೋಡೆಗೆ ಸಿಕ್ಕಿಸಿದ ಚಾರ್ಜರ್ ವರ್ಷಪೂರ್ತಿ ಇದ್ದರೂ ಒಂದೆರಡು ಯೂನಿಟ್ ದಾಟುವುದಿಲ್ಲ. ಅದೇ ಟಿವಿ ಕೆಳಗಿರುವ ಸೆಟ್‌ಟಾಪ್ ಬಾಕ್ಸ್ ನೋಡಿ, ರಿಮೋಟಲ್ಲಿ ಆಫ್ ಮಾಡಿದರೂ ಒಳಗೆ ಬೆಚ್ಚಗೇ ಇರುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ. ಆ ಬಿಸಿ ಎಲ್ಲಾ ನಿಮ್ಮ ಯೂನಿಟ್ಟೇ. 10 ವ್ಯಾಟ್ ಅಂತ ಹಿಡಿದರೂ ಟಿವಿ ನೋಡದ ಹೊತ್ತಿಗೇ ವರ್ಷಕ್ಕೆ 70-80 ಯೂನಿಟ್. ಮಗನಿಗೆ ಕಿತ್ತಿಡುವ ಉಮೇದು ಇದ್ದರೆ ರಾತ್ರಿ ಮಲಗುವಾಗ ಅದರ ಸ್ವಿಚ್ ಆಫ್ ಮಾಡಲಿ.

ಯಜಮಾನರ ಮಾತಿಗೆ ಬರೋಣ. ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗಾಳಿಯಂತ್ರಗಳು ಹೈವೇಯಲ್ಲಿ ಹೋಗುವವರಿಗೆಲ್ಲ ಕಾಣುತ್ತವೆ, ನಮ್ಮ ಭಾಗಕ್ಕೆ ಹೆಮ್ಮೆಯೂ ಹೌದು. ಆದರೆ ಅಲ್ಲಿ ಹುಟ್ಟಿದ ಕರೆಂಟ್ ನಿಮ್ಮ ಮನೆಗೆ ಅಂತ ಬೇರೆ ತಂತಿಯಲ್ಲಿ ಬರುವುದಿಲ್ಲ. ಎಲ್ಲಾ ಗ್ರಿಡ್‌ಗೆ, ಅಂದರೆ ಎಲ್ಲರಿಗೂ ಒಂದೇ ಆಗಿರುವ ತಂತಿ ಜಾಲಕ್ಕೆ ಸೇರುತ್ತದೆ. ಶರಾವತಿಯದೂ, ಕೈಗಾದ್ದೂ, ಪಾವಗಡದ ಸೋಲಾರ್ ಪಾರ್ಕಿನದೂ, ರಾಯಚೂರು-ಬಳ್ಳಾರಿಯ ಕಲ್ಲಿದ್ದಲಿನದೂ ಅಲ್ಲಿ ಕಲೆತುಹೋಗುತ್ತದೆ. ಗಾಳಿಯಂತ್ರಕ್ಕೆ ಸುಗ್ಗಿ ಅಂದರೆ ಮುಂಗಾರು, ಆಷಾಢದ ಗಾಳಿ. ನಿಮಗೆ ಎಸಿ ಬೇಕಾಗುವ ಏಪ್ರಿಲ್ ರಾತ್ರಿಯಲ್ಲಿ ಸೂರ್ಯನಂತೂ ಇಲ್ಲ, ಗಾಳಿಗೂ ಆ ಜೋರು ಇರುವುದಿಲ್ಲ. ಆ ಹೊತ್ತಿನ ಹೊರೆ ಹೊರುವುದು ಹೆಚ್ಚಾಗಿ ಕಲ್ಲಿದ್ದಲು. ಅದೇ ಮಧ್ಯಾಹ್ನ 12ರಿಂದ 4ರ ತನಕ ಸೋಲಾರ್ ಕರೆಂಟ್ ಧಾರಾಳವಾಗಿ ಇರುತ್ತದೆ. ಎಷ್ಟು ಯೂನಿಟ್ ಅನ್ನುವಷ್ಟೇ ಯಾವ ಹೊತ್ತಿನ ಯೂನಿಟ್ ಅನ್ನುವುದೂ ಮುಖ್ಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ವಾಷಿಂಗ್ ಮಷಿನ್, ನೀರಿನ ಮೋಟರ್, ಗ್ರೈಂಡರ್, ಇಸ್ತ್ರಿ, ಇವನ್ನೆಲ್ಲ ಹಗಲಿಗೆ ತಳ್ಳಿ. ಅತ್ತೆ ಊಟ ಮಾಡಿ ಮಲಗುವ ಮಧ್ಯಾಹ್ನದ ಹೊತ್ತು ಎಸಿಗೂ ಒಳ್ಳೆಯ ಹೊತ್ತೇ.

ಈಗ ಬಾವನವರು. ಅವರ ಮಾತನ್ನು ಎರಡು ಭಾಗ ಮಾಡಿಕೊಳ್ಳಬೇಕು, ಯಾಕಂದರೆ ಒಂದು ಭಾಗ ತಪ್ಪು, ಇನ್ನೊಂದು ಭಾಗ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ.

ಕಟ್ಟುಕಥೆ ಅನ್ನುವುದು ತಪ್ಪು. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 280 ಪಾಲು ಇತ್ತು, ಈಗ 420 ದಾಟಿದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತಾ ಬಂದಿದ್ದಾರೆ. ಈ ಹೆಚ್ಚಿನದು ಎಲ್ಲಿಂದ ಬಂತು ಅನ್ನುವುದಕ್ಕೂ ಸಾಕ್ಷಿ ಇದೆ. ಗಿಡಮರದಲ್ಲಿರುವ ಇಂಗಾಲದಲ್ಲಿ ಕಾರ್ಬನ್-14 ಅನ್ನುವುದು ಚೂರು ಇರುತ್ತದೆ, ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು-ಪೆಟ್ರೋಲಿನಲ್ಲಿ ಅದು ಸವೆದು ಹೋಗಿರುತ್ತದೆ. ಗಾಳಿಯಲ್ಲಿ ಸೇರುತ್ತಿರುವ ಇಂಗಾಲ ಈ ಹಳೆಯ ಜಾತಿಯದ್ದೇ ಅಂತ ಅಳತೆ ಹೇಳುತ್ತದೆ. ಸೂರ್ಯನೇ ಜಾಸ್ತಿ ಕಾಯುತ್ತಿರಬಹುದಲ್ವಾ ಅಂತ ಕೇಳುವವರಿದ್ದಾರೆ, ನ್ಯಾಯವಾದ ಪ್ರಶ್ನೆ. ಹಾಗಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆಗಿರುವುದು ಉಲ್ಟಾ, ಕೆಳಗೆ ಬಿಸಿ, ಮೇಲೆ ತಂಪು. ಶಾಖವನ್ನು ಕೆಳಗೇ ಹಿಡಿದಿಟ್ಟರೆ ಮಾತ್ರ ಹೀಗಾಗುತ್ತದೆ.

ಮಾರಿಕಣಿವೆ ಕೋಡಿ ಬಿದ್ದಿದ್ದು ನಿಜ. 1933ರಲ್ಲಿ ಬಿದ್ದಿದ್ದು, ಆಮೇಲೆ 2022ರಲ್ಲೇ. ಹಿರಿಯೂರಿಗೆ ಜನ ಜಾತ್ರೆಗೆ ಹೋದಂತೆ ಹೋದರು. ಅಷ್ಟರಲ್ಲೇ ಮರುವರ್ಷ, 2023ರಲ್ಲಿ, ರಾಜ್ಯದ 223 ತಾಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಅದರ ಬಿಸಿ 2024ರ ಬೇಸಿಗೆಯಲ್ಲಿ ಚನ್ನಗಿರಿ ಸೀಮೆಯ ಅಡಿಕೆ ತೋಟಕ್ಕೆ ತಟ್ಟಿದ್ದು, ಬೋರು ಬತ್ತಿ ಟ್ಯಾಂಕರ್ ನೀರು ಹೊಡೆಸಿದ್ದು ಬಾವನವರಿಗೆ ನಾನು ಹೇಳಬೇಕಾಗಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಸುರಿದರೆ ಒಂದೇ ಸಲ ಸುರಿಯುತ್ತದೆ, ಹೀರಿದರೆ ನೆಲದ ತೇವವನ್ನೂ ಹೀರುತ್ತದೆ. ಹಾಗಂತ 2022ರ ಮಳೆಯನ್ನೋ 2023ರ ಬರವನ್ನೋ ತೋರಿಸಿ ನೋಡಿ ಇದೇ ಹವಾಮಾನ ಬದಲಾವಣೆ ಅಂತ ನಾನೂ ಹೇಳುವುದಿಲ್ಲ. ಒಂದು ವರ್ಷದ ಮಳೆ ಆ ಕಡೆಗೂ ಸಾಕ್ಷಿಯಲ್ಲ, ಈ ಕಡೆಗೂ ಸಾಕ್ಷಿಯಲ್ಲ. ಅಂದಹಾಗೆ ಮಾರಿಕಣಿವೆಗೆ ಈಗ ಭದ್ರಾ ನೀರನ್ನೂ ಎತ್ತಿ ಬಿಡುತ್ತಾರೆ, ಬರೀ ಮಳೆಯ ಲೆಕ್ಕ ಅಲ್ಲ ಅದು.

"ಫಾರಿನ್ನವರು" ಅನ್ನುವಲ್ಲಿ ಮಾತ್ರ ಬಾವನವರ ಸಿಟ್ಟಿಗೆ ಅರ್ಥ ಇದೆ. ಇದುವರೆಗೆ ಕಲ್ಲಿದ್ದಲು-ಎಣ್ಣೆ ಸುಟ್ಟು ಗಾಳಿಗೆ ಬಿಟ್ಟಿದ್ದರಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದೇ. ಅಲ್ಲಿ ಇವತ್ತೂ ತಲೆಗೆ 14 ಟನ್ ಆಸುಪಾಸು, ನಮ್ಮದು 2. ವರ್ಷದ ಒಟ್ಟು ಲೆಕ್ಕದಲ್ಲಿ ನಾವು ಚೀನಾ, ಅಮೆರಿಕ ಬಿಟ್ಟರೆ ಮೂರನೆಯವರು ಅನ್ನುವುದೂ ನಿಜವೇ, ಜನ ಇಷ್ಟಿದ್ದೇವಲ್ಲ. ಅವರು ಉಂಡು ಕೈ ತೊಳೆದ ಮೇಲೆ ನಮಗೆ ಉಪವಾಸ ಹೇಳಿದರೆ ಯಾರಿಗಾದರೂ ಉರಿಯುತ್ತದೆ. ಭೂಮಿ ಬಿಸಿಯಾಗುತ್ತಿದೆಯಾ ಅನ್ನುವುದು ಅಳತೆಯ ಪ್ರಶ್ನೆ, ಅದರಲ್ಲಿ ಅಭಿಪ್ರಾಯಕ್ಕೆ ಜಾಗ ಇಲ್ಲ. ಯಾರು ಎಷ್ಟು ಕಡಿಮೆ ಮಾಡಬೇಕು ಅನ್ನುವುದು ನ್ಯಾಯದ ಪ್ರಶ್ನೆ, ಅದರಲ್ಲಿ ತಿಳಿದವರ ನಡುವೆಯೂ ಜಗಳ ಇದೆ, ಇರಲಿ. ಊಟಕ್ಕೆ ಕೂತಾಗ ಬಾವ ಎರಡನೆಯದರ ಸಿಟ್ಟಲ್ಲಿ ಮೊದಲನೆಯದನ್ನು ಇಲ್ಲ ಅಂತಾರೆ, ಮಗ ಮೊದಲನೆಯದರ ಗಾಬರಿಯಲ್ಲಿ ಎರಡನೆಯದನ್ನು ಕೇಳಿಸಿಕೊಳ್ಳುವುದೇ ಇಲ್ಲ. ನಿಮ್ಮ ಮನೆ ಅಂತಲ್ಲ, ಎಲ್ಲಾ ಕಡೆ ಇದೇ ಕಥೆ.

ಮಗನಿಗೆ ಇನ್ನೊಂದು ವಿಷಯ ಹೇಳಿ. "ಕಾರ್ಬನ್ ಫುಟ್‌ಪ್ರಿಂಟ್" ಅಂತ ಒಬ್ಬೊಬ್ಬರ ತಲೆಗೂ ಲೆಕ್ಕ ಕಟ್ಟುವ ಮಾತನ್ನು 2000ದ ದಶಕದಲ್ಲಿ ಜಾಹೀರಾತು ಕೊಟ್ಟು ಊರಿಗೆಲ್ಲ ಹರಡಿದ್ದು ಬಿಪಿ ಅನ್ನುವ ಬ್ರಿಟನ್ನಿನ ಎಣ್ಣೆ ಕಂಪನಿ. ಎಣ್ಣೆ ಮಾರುವವರು ಎಣ್ಣೆ ಕೊಳ್ಳುವವರಿಗೆ ನಿಮ್ಮ ಪಾಪ ಎಷ್ಟು ನೋಡಿಕೊಳ್ಳಿ ಅಂದ ಹಾಗೆ. ಅಳತೆ ಉಪಯೋಗಕ್ಕೆ ಬರುತ್ತದೆ, ನಾನೇ ಮೇಲೆ ಅದನ್ನೇ ಮಾಡಿದೆ. ಆದರೆ ಅಜ್ಜಿಯ ರೂಮಿನ ಎಸಿಯನ್ನೂ ರಾಯಚೂರಿನ ಸ್ಥಾವರದ ಕಲ್ಲಿದ್ದಲನ್ನೂ ಒಂದೇ ತಕ್ಕಡಿಗೆ ಹಾಕಿ ಅಜ್ಜಿಯ ಮೇಲೆ ತಪ್ಪು ಹೊರಿಸಲು ಅದನ್ನು ಬಳಸಬಾರದು. ಯಾರ ಕೈಯಲ್ಲಿ ದೊಡ್ಡ ಸ್ವಿಚ್ ಇದೆಯೋ ಅವರ ಜವಾಬ್ದಾರಿ ದೊಡ್ಡದು. ನನಗೆ ಅನಿಸುವುದು ಇಷ್ಟೇ.

ನಿಮ್ಮ ಕುಟುಂಬದಲ್ಲಿ ಆ ದೊಡ್ಡ ಸ್ವಿಚ್ ಇರುವುದು ತೋಟದಲ್ಲಿ. ಬಾವನವರದು 10 ಎಚ್‌ಪಿ ಮೋಟರ್ ಇದ್ದರೆ ಗಂಟೆಗೆ ಏಳೂವರೆ ಯೂನಿಟ್‌ಗೆ ಕಡಿಮೆ ಇಲ್ಲ. ದಿನಕ್ಕೆ ಆರು ಗಂಟೆ ಓಡಿದರೆ 45 ಯೂನಿಟ್. ನಿಮ್ಮ ಅತ್ತೆಯ ಇಡೀ ಬೇಸಿಗೆಯ 300 ಯೂನಿಟ್ ಅದಕ್ಕೆ ಒಂದು ವಾರದ ಕೆಲಸ. 10 ಎಚ್‌ಪಿವರೆಗೆ ರೈತರಿಗೆ ಕರೆಂಟ್ ಉಚಿತ ಆದ್ದರಿಂದ ಇದು ಯಾವ ಬಿಲ್ಲಿನಲ್ಲೂ ಕಣ್ಣಿಗೆ ಬೀಳುವುದಿಲ್ಲ. ತೋಟಕ್ಕೆ ನೀರು ಬೇಡವಾ ಅಂತ ಅವರು ಕೇಳುತ್ತಾರೆ, ಬೇಕೇ ಬೇಕು. ಆದರೆ ನಾನು ನೋಡಿದ ತೋಟಗಳಲ್ಲಿ ನೀರಿಗಿಂತ ಮೊದಲು ಕರೆಂಟ್ ಪೋಲಾಗುವುದು ಮೂರು ಕಡೆ. ಮೂರು-ನಾಲ್ಕು ಸಲ ಸುಟ್ಟು ರಿವೈಂಡಿಂಗ್ ಆದ ಮೋಟರ್. ಖರ್ಚು ಉಳಿಸಲು ಹಾಕಿದ ಸಣ್ಣ ಪೈಪು, ಮೇಲಿಂದ ಮೇಲೆ ಬೆಂಡು. ಎಲ್ಲಕ್ಕಿಂತ ದೊಡ್ಡದು ಆಟೊ ಸ್ಟಾರ್ಟರ್. ತ್ರೀ ಫೇಸ್ ಯಾವಾಗ ಬಂದರೂ ಮೋಟರ್ ತಾನೇ ಶುರುವಾಗುತ್ತದೆ, ನಡುರಾತ್ರಿ ನೀರು ಕಾಲುವೆ ತುಂಬಿ ಪಕ್ಕದ ಹೊಲಕ್ಕೆ ಹರಿಯುತ್ತಿದ್ದರೂ ನಿಲ್ಲಿಸುವವರಿಲ್ಲ. ಇದರ ಜೊತೆ ಕೆಪಾಸಿಟರ್ ಹಾಕದೇ ಇದ್ದರೆ ಲೈನಿನಲ್ಲಿ ಕರೆಂಟ್ ಜಾಸ್ತಿ ಎಳೆದು ವೋಲ್ಟೇಜ್ ಬೀಳುತ್ತದೆ, ಆಮೇಲೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತು ಅಂತ ಊರೆಲ್ಲಾ ವಾರಗಟ್ಟಲೆ ಕಾಯಬೇಕು. ಹನಿ ನೀರಾವರಿಯ ಡ್ರಿಪ್ಪು, ಬುಡಕ್ಕೆ ಸೋಗೆ ಮುಚ್ಚಿಗೆ, ಸರಿಯಾದ ಕೆಪಾಸಿಟರ್, ಆಟೊ ಸ್ಟಾರ್ಟರ್‌ಗೆ ಒಂದು ಟೈಮರ್. ಇದಕ್ಕೆ ಹವಾಮಾನ ಬದಲಾವಣೆಯನ್ನು ನಂಬಬೇಕಾಗಿಯೇ ಇಲ್ಲ. ಬೋರಿನ ನೀರು ನಾಲ್ಕು ದಿನ ಜಾಸ್ತಿ ಬರುತ್ತದೆ ಅಂದರೆ ಅವರಿಗೆ ಸಾಕು. ಆ ದಾರಿಯಲ್ಲೇ ಮಾತಾಡಿ.

ಒಂದು ಮನೆಯಿಂದ ಏನಾಗುತ್ತೆ ಅಂತ ಕೇಳಿದ್ದೀರಿ. ಭೂಮಿಯ ಲೆಕ್ಕದಲ್ಲಿ ಏನೂ ಆಗುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಏಪ್ರಿಲ್ ರಾತ್ರಿ ಹತ್ತು ಗಂಟೆಗೆ ನಿಮ್ಮ ಬೀದಿಯಲ್ಲಿ ಎಲ್ಲಾ ಮನೆ ಎಸಿ ಒಟ್ಟಿಗೆ ಶುರುವಾದರೆ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಆಗುವುದು ಅದೇ ವಾರ ಗೊತ್ತಾಗುತ್ತದೆ.

ಸರಿ, ಈಗ ಮಾಡುವ ಕೆಲಸ. ಎಸಿ ಅಂಗಡಿಗೆ ಹೋಗುವ ಮುಂಚೆ ಮಾಳಿಗೆ ನೋಡಿ. ಆರ್‌ಸಿಸಿ ಹಗಲೆಲ್ಲಾ ಶಾಖ ಕುಡಿದು ರಾತ್ರಿ ಹತ್ತರ ಮೇಲೆ ರೂಮಿನೊಳಗೆ ಬಿಡುತ್ತದೆ, ಅತ್ತೆಗೆ ನಿದ್ದೆ ಬಾರದಿರುವುದಕ್ಕೆ ಮುಖ್ಯ ಕಾರಣ ಇದೇ. ಚಿತ್ರದುರ್ಗದ ಕಡೆ ಹಳೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಇದ್ದವರಿಗೆ ವ್ಯತ್ಯಾಸ ಗೊತ್ತಿರುತ್ತದೆ. ಫೆಬ್ರವರಿ ಕೊನೆಯಲ್ಲಿ ಮಾಳಿಗೆಗೆ ಬಿಳಿ ಕೂಲ್ ಪೇಂಟ್ ಬಳಿಸಿ, ಅಷ್ಟು ಖರ್ಚು ಬೇಡ ಅಂದರೆ ಸುಣ್ಣಕ್ಕೆ ಅಂಟು ಸೇರಿಸಿ ಎರಡು ಕೋಟ್. ರೂಮು ಎರಡು-ಮೂರು ಡಿಗ್ರಿ ಇಳಿಯುತ್ತದೆ. ಸುಣ್ಣ ಆದರೆ ಮಳೆಗೆ ತೊಳೆದು ಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಾಪೆಯೋ ನೆರಳು ಬಲೆಯೋ ಕಟ್ಟಿ, ಒಳಗಿನ ಪರದೆಗಿಂತ ಹೊರಗಿನ ನೆರಳು ಬಹಳ ಮೇಲು.

ಆಮೇಲೆ ಫ್ಯಾನ್. ಹಳೆಯದು 75 ವ್ಯಾಟ್, ಕಡಿಮೆ ಕರೆಂಟಿನ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ಮೂರು ಫ್ಯಾನ್ ಬದಲಿಸಿ, ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 48 ಯೂನಿಟ್ ಉಳಿಯುತ್ತದೆ. ವರ್ಷದಲ್ಲಿ ಎಂಟು ತಿಂಗಳು ಫ್ಯಾನ್ ಓಡುತ್ತದೆ ಅಂದರೆ 380ರ ಮೇಲೆ. ಎಸಿಯ 300ಕ್ಕಿಂತ ಜಾಸ್ತಿ. ಮಗನಿಗೆ ತೋರಿಸಲು ಈ ಒಂದು ಲೆಕ್ಕ ಸಾಕು, ವರ್ಷದ ಕೊನೆಗೆ ನಿಮ್ಮ ಮನೆ ಈಗಿನದಕ್ಕಿಂತ ಕಡಿಮೆಯೇ ಉರಿಸಿರುತ್ತದೆ.

ಇದು ಬಿಲ್ಲಿಗೂ ಬೇಕು. ಗೃಹಜ್ಯೋತಿಯಲ್ಲಿ ನಿಮ್ಮ 150 ದಾಟಿ 200ರೊಳಗೆ ಇದ್ದರೆ ಮೇಲಿನ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. 140ರ ಮೇಲೆ ಎಸಿಯ 120 ಸೇರಿದರೆ 260, ಯೂನಿಟ್‌ಗೆ 6 ರೂಪಾಯಿ ಆಸುಪಾಸು ಹಿಡಿದರೂ ಹದಿನೈದು ನೂರು ದಾಟುತ್ತದೆ. ಫ್ಯಾನ್ ಬದಲಿಸಿ, ಎಸಿಯನ್ನು ಆರು ಗಂಟೆಗೆ ಇಳಿಸಿದರೆ 182ಕ್ಕೆ ನಿಲ್ಲುತ್ತದೆ, ಕಟ್ಟುವುದು 32 ಯೂನಿಟ್‌ಗೆ. ಆರು ಗಂಟೆ ಅಂದರೆ ಮಧ್ಯಾಹ್ನ ಮೂರು, ರಾತ್ರಿ ಮಲಗುವಾಗ ಮೂರು, ಟೈಮರ್ ಇಟ್ಟು ಆಮೇಲೆ ಫ್ಯಾನ್. 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ಓಡಿಸಿ, ವಯಸ್ಸಾದವರಿಗೆ 20-22 ಒಳ್ಳೆಯದೂ ಅಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ. ಆದರೆ ವಿಪರೀತ ಸೆಖೆಯ ರಾತ್ರಿಗಳಲ್ಲಿ ಈ ಆರು ಗಂಟೆಯ ಲೆಕ್ಕ ಹಿಡಿದು ಕೂರಬೇಡಿ. ಅತ್ತೆ ಮುಖ್ಯ, 200 ದಾಟಿದರೆ ದಾಟಲಿ.

ಮಾಳಿಗೆ ಮೇಲೆ ಸೋಲಾರ್ ಹಾಕಿಸಲಾ ಅಂತ ನೀವು ಕೇಳಿಲ್ಲ, ಮಗ ಕೇಳುತ್ತಾನೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಭೂಮಿಯ ಲೆಕ್ಕದಲ್ಲಿ ಒಳ್ಳೆಯದೇ, ಆದರೆ ಬಿಲ್ಲೇ ಸೊನ್ನೆ ಇರುವ ಮನೆಗೆ ಹಾಕಿದ ದುಡ್ಡು ವಾಪಸ್ ಬರುವುದು ಬಹಳ ನಿಧಾನ. ಸಾಲ ಮಾಡಿ ಹಾಕಿಸುವಂಥದ್ದಲ್ಲ. ತಿಂಗಳಿಗೆ ಮುನ್ನೂರು ಯೂನಿಟ್ ಕಟ್ಟುತ್ತಿರುವ ನಿಮ್ಮ ನೆಂಟರಿದ್ದರೆ ಅವರಿಗೆ ಹೇಳಿ.

ಕೊನೆಗೆ, ಯಾರೂ ಹೇಳದ ಒಂದು ವಿಷಯ. ಭೂಮಿಗೆ ಎಸಿಯ ಕರೆಂಟಿಗಿಂತ ಅದರೊಳಗಿನ ತಂಪು ಮಾಡುವ ಗ್ಯಾಸ್ ಅಪಾಯ. ಈಗ ಹೆಚ್ಚಿನ ಎಸಿಗಳಲ್ಲಿ ಆರ್-32 ಅನ್ನುವ ಗ್ಯಾಸ್ ಇರುತ್ತದೆ, ಒಂದು ಕೆಜಿ ಗಾಳಿಗೆ ಹೋದರೆ 675 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಚಿಕ್ಕ ಎಸಿಯಲ್ಲಿ 700 ಗ್ರಾಂ ಇದೆ ಅನ್ನಿ, ಅದೆಲ್ಲಾ ಸೋರಿದರೆ 470 ಕೆಜಿ. ಎರಡು ಬೇಸಿಗೆ ಎಸಿ ಓಡಿಸಿದ್ದಕ್ಕಿಂತ ಜಾಸ್ತಿ, ಅದೂ ಒಂದೇ ದಿನದಲ್ಲಿ. ಹಳೆಯ ಆರ್-410ಎ ಇದ್ದರೆ ಇದರ ಮೂರು ಪಟ್ಟು, ಹಾಗಾಗಿ ಸೆಕೆಂಡ್ ಹ್ಯಾಂಡ್ ಎಸಿ ಬೇಡವೇ ಬೇಡ. ಆರ್-290 ಇರುವುದು ಸಿಕ್ಕರೆ ಭೂಮಿಗೆ ಎಲ್ಲಕ್ಕಿಂತ ಒಳ್ಳೆಯದು, ಆದರೆ ಅದು ಉರಿಯುವ ಗ್ಯಾಸ್, ತರಬೇತಿ ಆದ ಮೆಕ್ಯಾನಿಕ್ ನಿಮ್ಮೂರಲ್ಲಿ ಇದ್ದಾನಾ ಅಂತ ಕೇಳಿಕೊಂಡೇ ತಗೊಳ್ಳಿ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಹೊರಗಿನ ಯೂನಿಟ್‌ನ ಪ್ಲೇಟ್ ಮೇಲೆ ಬರೆದಿರುತ್ತದೆ. ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಮೇಡಂ ಅಂದರೆ ಒಪ್ಪಬೇಡಿ, ಸೋರದಿದ್ದರೆ ಗ್ಯಾಸ್ ಕಡಿಮೆ ಆಗುವುದೇ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ, ಅಲ್ಲಿ ಬೆಸುಗೆ ಹಾಕಿ, ಆಮೇಲೆ ತುಂಬಲಿ.

ಎಸಿಗೆ ಮೀಟರಿನಿಂದ ಬೇರೆ ವೈರ್, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಇರಲಿ. ಮಂಜೂರಾದ ಲೋಡ್ ಕಡಿಮೆ ಇದ್ದರೆ ಬೆಸ್ಕಾಂ ಕಚೇರಿಯಲ್ಲಿ ಏರಿಸಿಕೊಳ್ಳಿ. ಫಿಟ್ ಮಾಡುವ ದಿನ ಹುಡುಗ ವ್ಯಾಕ್ಯೂಮ್ ಪಂಪ್ ತಂದಿದ್ದಾನಾ ನೋಡಿ. ಪೈಪಿನೊಳಗಿನ ಗಾಳಿಯನ್ನು ಆ ಪಂಪ್ ಹಾಕಿ ತೆಗೆಯಬೇಕು. ಅದಿಲ್ಲದವರು ಎಸಿಯ ಗ್ಯಾಸನ್ನೇ ಬುಸ್ ಅಂತ ಬಿಟ್ಟು ಗಾಳಿ ಹೊರದಬ್ಬುತ್ತಾರೆ. ಪಂಪ್ ಇಲ್ಲ ಅಂದರೆ ಟೀ ಕುಡಿಸಿ ವಾಪಸ್ ಕಳಿಸಿ, ತಂದ ದಿನ ಫಿಟ್ ಮಾಡಲಿ.